ಕ್ರಿಸ್ಮಸ್ ಕಾಲದ ಲೂಥರನ್ ಸಭಾಜೀವನ: ಪದೇ ಪದೇ ಕೇಳುವ ಪ್ರಶ್ನೆಗಳು

ನವೆಂಬರ್ ತಿಂಗಳ ಕೊನೆಯಲ್ಲಿ ಗಾಯನ ಮಂಡಳಿಯ ಅಭ್ಯಾಸ ಆರಂಭವಾಗುತ್ತಿದ್ದಂತೆ ನಮ್ಮ ಮಂಗಳೂರಿನ ಸಭೆಯಲ್ಲಿ ಪ್ರಶ್ನೆಗಳೂ ಆರಂಭವಾಗುತ್ತವೆ. ಕೆಲವನ್ನು ಸಂಡೇ ಸ್ಕೂಲಿನ ಮಕ್ಕಳು ಕೇಳುತ್ತಾರೆ, ಕೆಲವನ್ನು ಮದುವೆಯಾಗಿ ಬೇರೆ ಸಭೆಯಿಂದ ಬಂದವರು ಕೇಳುತ್ತಾರೆ, ಇನ್ನು ಕೆಲವನ್ನು ನೆರೆಮನೆಯ ಹಿಂದೂ ಮತ್ತು ಮುಸ್ಲಿಂ ಸ್ನೇಹಿತರು ಅಕ್ಕರೆಯಿಂದ ವಿಚಾರಿಸುತ್ತಾರೆ. ಹಲವು ವರ್ಷ ಮಂಡಳಿಯಲ್ಲಿ ಹಾಡಿ, ಕೆಲವು ವರ್ಷ ಸಭಾ ಹಿರಿಯನಾಗಿ ದುಡಿದ ನನ್ನ ಪಾಲಿಗೆ ಬಂದ ಪ್ರಶ್ನೆಗಳನ್ನು, ಕೊಡಬೇಕೆಂದು ನಾನು ಬಯಸಿದ ಉತ್ತರಗಳೊಂದಿಗೆ, ಇಲ್ಲಿ ಬರೆದಿದ್ದೇನೆ.

ಪ್ರಶ್ನೆ: ನಮ್ಮ ಸಭೆ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲವೇ? ಹಾಗಿದ್ದರೆ ಲೂಥರನ್ ಎಂಬ ಮಾತು ಏಕೆ ಬರುತ್ತದೆ?

ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದೇ ಮಾತಿನ ಉತ್ತರ ಸಾಲದು. ಹದಿನಾರನೆಯ ಶತಮಾನದ ಜರ್ಮನ್ ಸುಧಾರಕ ಮಾರ್ಟಿನ್ ಲೂಥರನ ಬೋಧನೆಯನ್ನು ಅನುಸರಿಸುವ ಸಭೆಗಳಿಗೆ ಲೂಥರನ್ ಎಂದು ಹೆಸರು. ಮಂಗಳೂರು ಮತ್ತು ಉಡುಪಿಯ ಹಳೆಯ ಪ್ರೊಟೆಸ್ಟೆಂಟ್ ಸಭೆಗಳು ಬಹುಪಾಲು ಬಾಸೆಲ್ ಮಿಶನ್ನಿನ ಕೆಲಸದಿಂದ ಹುಟ್ಟಿದವು. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಆ ಸಂಸ್ಥೆಯ ಮೊದಲ ಮೂವರು ಮಿಶನರಿಗಳಾದ ಸಾಮುವೆಲ್ ಹೆಬಿಕ್, ಲೇನರ್ ಮತ್ತು ಗ್ರೈನರ್ 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ಬಾಸೆಲ್ ನಗರ ಲೂಥರನ್ ಅಲ್ಲದ ಇನ್ನೊಂದು ಪ್ರೊಟೆಸ್ಟೆಂಟ್ ಧಾರೆಯಾದ ರಿಫಾರ್ಮ್ಡ್ ಪಂಥದ್ದಾಗಿತ್ತು. ಆದರೆ ಅಲ್ಲಿಂದ ನಮ್ಮ ಕಡೆಗೆ ಬಂದವರಲ್ಲಿ ಬಹಳ ಮಂದಿ ದಕ್ಷಿಣ ಜರ್ಮನಿಯ ವುರ್ಟೆಂಬೆರ್ಗ್ ಪ್ರಾಂತ್ಯದ ಲೂಥರನ್ ಮನೆಗಳಲ್ಲಿ ಬೆಳೆದವರು. 'ಮಂಗಳೂರ ಸಮಾಚಾರ'ದ ಹರ್ಮನ್ ಮೊಗ್ಲಿಂಗ್ ಆ ಪ್ರಾಂತ್ಯದವರು. ನಿಘಂಟಿನ ಫರ್ಡಿನಾಂಡ್ ಕಿಟೆಲ್ ಅವರಂತೂ ಉತ್ತರ ಜರ್ಮನಿಯ ಒಬ್ಬ ಲೂಥರನ್ ಸಭಾಪಾಲಕರ ಮಗ.

ವುರ್ಟೆಂಬೆರ್ಗಿನ ಸಭೆಗೆ ಒಂದು ವಿಶೇಷವಿದೆ. ಬೋಧನೆಯಲ್ಲಿ ಅದು ಲೂಥರನ್ ಆಗಿದ್ದರೂ ಆರಾಧನೆಯಲ್ಲಿ ಸರಳ ಕ್ರಮವನ್ನು ಉಳಿಸಿಕೊಂಡಿತು. ಪ್ರಾರ್ಥನೆ, ಗೀತೆ, ವೇದಪಾಠ (ಸತ್ಯವೇದದ ಓದು) ಮತ್ತು ಪ್ರಸಂಗ (ಸಭಾಪಾಲಕರ ಬೋಧನೆ), ಇಷ್ಟೇ ಅದರ ಬೆನ್ನೆಲುಬು. ಧೂಪವಿಲ್ಲದ, ಬಿಳಿ ಗೋಡೆಯ, ಹಂಚಿನ ಮಾಡಿನ ನಮ್ಮ ದೇವಾಲಯಗಳಲ್ಲಿ ಕುಳಿತು ನಾಲ್ಕು ಧ್ವನಿಗಳಲ್ಲಿ ಜರ್ಮನ್ ಧಾಟಿಯ ಕನ್ನಡ ಗೀತೆ ಹಾಡುವಾಗ ನಮಗೆ ದೊರೆಯುತ್ತಿರುವುದು ಆ ಆಸ್ತಿಯೇ. 1947ರ ಸೆಪ್ಟೆಂಬರ್ 27ರಂದು ಚರ್ಚ್ ಆಫ್ ಸೌತ್ ಇಂಡಿಯಾ ರೂಪುಗೊಂಡಾಗ ಅದಕ್ಕೆ ಆಂಗ್ಲಿಕನ್, ಮೆಥಡಿಸ್ಟ್ ಮತ್ತು ಇತರ ಧಾರೆಗಳೂ ಸೇರಿದವು. ಆದುದರಿಂದ ನಮ್ಮನ್ನು ಲೂಥರನ್ ಸಭೆ ಎಂದು ಕರೆಯುವುದು ಸರಿಯಲ್ಲ. ಆದರೆ ಕ್ರಿಸ್ಮಸ್ ಕಾಲದಲ್ಲಿ ನಾವು ಮಾಡುವ ಬಹಳಷ್ಟು ಕೆಲಸಗಳ ಬೇರು ಲೂಥರನ್ ಮಣ್ಣಿನಲ್ಲಿದೆ ಎಂಬುದನ್ನು ಮರೆಯುವುದೂ ಸರಿಯಲ್ಲ.

ಲೂಥರನ್ ಎಂಬ ಹೆಸರನ್ನೇ ಹೊತ್ತ ಸಭೆಗಳು ಭಾರತದಲ್ಲಿ ಬೇರೆಯೇ ಇವೆ. 1706ರ ಜುಲೈ 9ರಂದು ತಮಿಳು ಕರಾವಳಿಯ ತರಂಗಂಬಾಡಿಗೆ ಬಂದಿಳಿದ ಜರ್ಮನ್ ಮಿಶನರಿಗಳಾದ ಸೀಗೆನ್‌ಬಾಲ್ಗ್ ಮತ್ತು ಪ್ಲೂಟ್ಶೌ ಅವರಿಂದ ಆ ಚರಿತ್ರೆ ಆರಂಭವಾಗುತ್ತದೆ. ತಮಿಳುನಾಡು, ಆಂಧ್ರ, ರಾಂಚಿಯ ಸುತ್ತಲಿನ ಛೋಟಾನಾಗಪುರ ಮೊದಲಾದ ಕಡೆ ದೊಡ್ಡ ಲೂಥರನ್ ಸಭೆಗಳಿವೆ. ನಮ್ಮ ರಾಜ್ಯದಲ್ಲಿ ಬೆಂಗಳೂರು ಮತ್ತು ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ ಲೂಥರನ್ ಸಭೆಗಳನ್ನು ಕಾಣಬಹುದು.

ಪ್ರಶ್ನೆ: ಆಗಮನ ಕಾಲ ಎಂದರೇನು? ಅದು ಪ್ರತಿವರ್ಷ ಬೇರೆ ಬೇರೆ ದಿನ ಆರಂಭವಾಗುವುದೇಕೆ?

ನಾವು ಅಡ್ವೆಂಟ್ ಎಂದು ಕರೆಯುವ ಆಗಮನ ಕಾಲವು ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳನ್ನು ಒಳಗೊಂಡ ಸಿದ್ಧತೆಯ ಕಾಲ. ಸಭೆಯ ಹೊಸ ವರ್ಷ ಆರಂಭವಾಗುವುದು ಜನವರಿ ಒಂದರಂದಲ್ಲ, ಈ ಕಾಲದ ಮೊದಲ ಭಾನುವಾರದಂದು. ಡಿಸೆಂಬರ್ 25 ಯಾವ ವಾರವೇ ಬರಲಿ, ಅದಕ್ಕಿಂತ ಹಿಂದೆ ನಾಲ್ಕು ಭಾನುವಾರಗಳನ್ನು ಎಣಿಸಬೇಕಾದ್ದರಿಂದ ಮೊದಲ ಭಾನುವಾರವು ನವೆಂಬರ್ 27 ಮತ್ತು ಡಿಸೆಂಬರ್ 3ರ ನಡುವೆ ಬೀಳುತ್ತದೆ. ಬಲಿಪೀಠದ ವಸ್ತ್ರ ಆಗ ನೇರಳೆ ಬಣ್ಣದ್ದಾಗಿರುತ್ತದೆ, ಕೆಲವು ಲೂಥರನ್ ಸಭೆಗಳಲ್ಲಿ ನೀಲಿ. ಕ್ರಿಸ್ಮಸ್ ಬಂದಾಗ ಅದು ಬಿಳಿಗೆ ತಿರುಗುತ್ತದೆ.

ಪ್ರಶ್ನೆ: ನಾಲ್ಕು ಮೇಣದ ಬತ್ತಿಗಳ ಹಸಿರು ಚಕ್ರ ಎಲ್ಲಿಂದ ಬಂತು?

ಇದನ್ನು ಹೇಳುವುದೆಂದರೆ ನನಗೆ ಬಹಳ ಇಷ್ಟ, ಏಕೆಂದರೆ ಇದು ಅರಮನೆಯಲ್ಲಾಗಲೀ ದೊಡ್ಡ ದೇವಾಲಯದಲ್ಲಾಗಲೀ ಹುಟ್ಟಿದ ಪದ್ಧತಿಯಲ್ಲ. ಯೋಹಾನ್ ಹಿನ್ರಿಕ್ ವಿಖೆರ್ನ್ ಎಂಬ ಲೂಥರನ್ ಬೋಧಕರು ಹ್ಯಾಂಬರ್ಗ್ ನಗರದ ಬಡ ಮಕ್ಕಳಿಗಾಗಿ ಒಂದು ಆಶ್ರಯ ನಡೆಸುತ್ತಿದ್ದರು. ಕ್ರಿಸ್ಮಸ್ಸಿಗೆ ಇನ್ನೆಷ್ಟು ದಿನ ಎಂದು ಆ ಮಕ್ಕಳು ದಿನವೂ ಕೇಳುತ್ತಿದ್ದುದರಿಂದ ಅವರು 1839ರಲ್ಲಿ ಒಂದು ಹಳೆಯ ಬಂಡಿಯ ಚಕ್ರವನ್ನು ತೂಗುಹಾಕಿ, ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿಗಳನ್ನೂ ನಾಲ್ಕು ಭಾನುವಾರಗಳಿಗೆ ನಾಲ್ಕು ದೊಡ್ಡ ಬಿಳಿ ಬತ್ತಿಗಳನ್ನೂ ಅದರ ಮೇಲೆ ನಿಲ್ಲಿಸಿದರು. ದಿನಕ್ಕೊಂದು ಬತ್ತಿ ಹಚ್ಚಿದಂತೆ ಕೋಣೆಯ ಬೆಳಕು ಹೆಚ್ಚುತ್ತಾ ಹೋಯಿತು, ಮಕ್ಕಳು ಎಣಿಕೆಯನ್ನೂ ಕಲಿತರು. ಹಸಿರು ಕೊಂಬೆಗಳನ್ನು ಸುತ್ತುವ ಅಭ್ಯಾಸ ಆಮೇಲೆ ಸೇರಿತು. ಮನೆಗಳಲ್ಲಿ ಹಿಡಿಸಲೆಂದು ಚಕ್ರ ಚಿಕ್ಕದಾಗಿ ಬತ್ತಿಗಳು ನಾಲ್ಕಕ್ಕೆ ಇಳಿದವು.

ನಮ್ಮ ಕರಾವಳಿಯಲ್ಲಿ ಇದಕ್ಕೆ ದುಬಾರಿ ಪ್ಲಾಸ್ಟಿಕ್ ಬಳ್ಳಿ ಕೊಳ್ಳುವ ಅಗತ್ಯವಿಲ್ಲ. ಗಾಳಿಮರದ ಎಳೆಯ ಟೊಂಗೆಗಳು ಅಥವಾ ಮನೆಯ ಹಿತ್ತಲಿನ ಮಾವಿನ ಎಲೆಗಳು ಒಂದು ಬಿದಿರಿನ ಬಳೆಗೆ ಸಾಕು. ಒಣಗಿದ ಎಲೆಗೆ ಬೆಂಕಿ ತಾಗುವ ಅಪಾಯವಿರುವುದರಿಂದ ವಾರಕ್ಕೊಮ್ಮೆ ಹಸಿರನ್ನು ಬದಲಾಯಿಸಬೇಕು, ಮತ್ತು ಬತ್ತಿ ಹಚ್ಚುವ ಮಗುವಿನ ಪಕ್ಕದಲ್ಲಿ ದೊಡ್ಡವರೊಬ್ಬರು ನಿಲ್ಲಬೇಕು.

ಪ್ರಶ್ನೆ: ಡಿಸೆಂಬರ್ ಮೊದಲ ವಾರದಿಂದಲೇ ಮನೆಮನೆಗೆ ಕ್ಯಾರಲ್ ಹಾಡಲು ಹೋಗುವುದು ಸರಿಯೇ? ಆಗಮನ ಕಾಲ ಮೌನದ ಕಾಲವಲ್ಲವೇ?

ಈ ಪ್ರಶ್ನೆ ಕೇಳಿದವರು ಸೂಕ್ಷ್ಮ ಮನಸ್ಸಿನವರು. ಜರ್ಮನಿಯ ಲೈಪ್‌ಸಿಗ್ ನಗರದಲ್ಲಿ ಸಂಗೀತ ರಚನಕಾರ ಬಾಖ್ ಅವರು ಗಾಯನದ ಹೊಣೆ ಹೊತ್ತಿದ್ದ ಕಾಲದಲ್ಲಿ ಆಗಮನ ಕಾಲದ ಮೊದಲ ಭಾನುವಾರ ಕಳೆದ ಮೇಲೆ ಕ್ರಿಸ್ಮಸ್ಸಿನವರೆಗೆ ದೇವಾಲಯದಲ್ಲಿ ವಾದ್ಯಮೇಳದೊಡನೆ ದೊಡ್ಡ ಗಾಯನ ನಡೆಯುತ್ತಿರಲಿಲ್ಲ. ಆ ಮೌನದ ವಾರಗಳ ಬಳಿಕ, 1734ರ ಕ್ರಿಸ್ಮಸ್ ದಿನದಿಂದ 1735ರ ಜನವರಿ 6ರವರೆಗೆ, ಆರು ಆರಾಧನೆಗಳಿಗೆ ಹಂಚಿ ಅವರು ತಮ್ಮ ಕ್ರಿಸ್ಮಸ್ ಸಂಗೀತವನ್ನು ಹಾಡಿಸಿದರು. ಹಬ್ಬ ಒಂದು ರಾತ್ರಿಯಲ್ಲಿ ಮುಗಿಯುವುದಿಲ್ಲ, ಹನ್ನೆರಡು ದಿನ ಬಿಚ್ಚಿಕೊಳ್ಳುತ್ತದೆ ಎಂಬ ತಿಳಿವಳಿಕೆ ಆ ಹಂಚಿಕೆಯಲ್ಲಿಯೇ ಇದೆ.

ನಮ್ಮಲ್ಲಿ ಇದು ತಲೆಕೆಳಗಾಗಿದೆ. ಡಿಸೆಂಬರ್ ಮೊದಲ ವಾರದಿಂದ ಹಾಡಿ ಹಾಡಿ ಗಂಟಲು ಕಟ್ಟಿ, 26ರಂದು ಎಲ್ಲವೂ ಮೌನವಾಗುತ್ತದೆ. ಕ್ಯಾರಲ್ ತಂಡವನ್ನು ನಿಲ್ಲಿಸಬೇಕೆಂದು ನಾನು ಹೇಳಲಾರೆ. ಜೆಪ್ಪುವಿನ ಓಣಿಯಲ್ಲೋ ಮಲ್ಪೆಯ ದಾರಿಯಲ್ಲೋ ರಾತ್ರಿ ಒಂಬತ್ತಕ್ಕೆ ಗಿಟಾರು ಹಿಡಿದು ಬರುವ ಯುವಜನರಿಗಾಗಿ ದೀಪ ಆರಿಸದೆ ಕಾಯುವ ಮುದುಕರನ್ನು ನಾನು ಬಲ್ಲೆ. ಆದರೆ ಸಭೆಯ ಒಳಗೆ, ಭಾನುವಾರದ ಆರಾಧನೆಯಲ್ಲಿ, ಮೊದಲ ಮೂರು ವಾರ ಆಗಮನದ ಗೀತೆಗಳನ್ನೇ ಹಾಡಿ, ಜನನದ ಗೀತೆಗಳನ್ನು ಕ್ರಿಸ್ಮಸ್ಸಿಗೂ ಅದರ ನಂತರದ ಭಾನುವಾರಗಳಿಗೂ ಉಳಿಸಿಕೊಳ್ಳುವುದು ಒಳ್ಳೆಯದೆಂದು ನನ್ನ ದೃಢ ಅಭಿಪ್ರಾಯ. ಕಾದವರಿಗೆ ಹಾಡಿನ ರುಚಿ ಬೇರೆ.

ಗೀತೆಯ ಬಗ್ಗೆ ಇನ್ನೂ ಒಂದು ಮಾತು. ಲೂಥರ್ ಸ್ವತಃ ತನ್ನ ಮಕ್ಕಳಿಗಾಗಿ ಹದಿನೈದು ಚರಣಗಳ ಒಂದು ಕ್ರಿಸ್ಮಸ್ ಗೀತೆ ಬರೆದನು. ಅದು 1535ರಲ್ಲಿ ಅಚ್ಚಾದಾಗ ಆ ನಾಡಿನ ಜನರು ಒಗಟು ಹೇಳುವ ಆಟದಲ್ಲಿ ಹಾಡುತ್ತಿದ್ದ ಧಾಟಿಗೇ ಅದನ್ನು ಕೂರಿಸಲಾಗಿತ್ತು. ಈಗಿನ ಧಾಟಿ 1539ರದು. ದೇವದೂತನು ಬಂದು ಸುದ್ದಿ ಹೇಳುವುದು, ಮಕ್ಕಳು ಗೋದಲಿಯ ಹತ್ತಿರ ಹೋಗಿ ಕೂಸನ್ನು ಮಾತನಾಡಿಸುವುದು, ಹೀಗೆ ಅದು ಮನೆಯೊಳಗೆ ಆಡುವ ಒಂದು ಸಣ್ಣ ಆಟದಂತಿದೆ. ಊರಿನ ಧಾಟಿಗೆ ಸುವಾರ್ತೆಯನ್ನು ಕೂರಿಸುವ ಆ ಧೈರ್ಯ ನಮ್ಮ ಕಡೆಗೂ ಬಂತು. ಕಿಟೆಲ್ ಅವರು 1862ರಲ್ಲಿ ಕ್ರಿಸ್ತನ ಜೀವನವನ್ನು ನಮ್ಮ ನಾಡಿನ ಛಂದಸ್ಸಿನ ಪದ್ಯಗಳಲ್ಲಿ ಬರೆದು ಪ್ರಕಟಿಸಿದರು. ಅಂದಹಾಗೆ, ಎಲ್ಲರ ಬಾಯಲ್ಲಿರುವ ಆ ಶಾಂತ ರಾತ್ರಿಯ ಗೀತೆ ಲೂಥರನ್ನರದೆಂದು ಕೆಲವರು ತಿಳಿದಿದ್ದಾರೆ. ಅದು 1818ರಲ್ಲಿ ಆಸ್ಟ್ರಿಯದ ಓಬರ್ನ್‌ಡಾರ್ಫ್ ಎಂಬ ಊರಿನ ಕ್ಯಾಥೊಲಿಕ್ ಚರ್ಚಿನಲ್ಲಿ ಮೊದಲು ಕೇಳಿಬಂದದ್ದು.

ಪ್ರಶ್ನೆ: ಯೇಸು ಹುಟ್ಟಿದ್ದು ಡಿಸೆಂಬರ್ 25ರಂದೇ? ಸತ್ಯವೇದದಲ್ಲಿ ಇಲ್ಲದ ದಿನವನ್ನು ಆಚರಿಸುವುದೇಕೆ?

ಸತ್ಯವೇದದಲ್ಲಿ ತಾರೀಕು ಇಲ್ಲ. ರೋಮಿನಲ್ಲಿ 336ರ ಹೊತ್ತಿಗೆ ಡಿಸೆಂಬರ್ 25ರಂದು ಜನನವನ್ನು ಸ್ಮರಿಸುತ್ತಿದ್ದರೆಂಬುದಕ್ಕೆ ಹಳೆಯ ದಾಖಲೆಯಿದೆ. ಸುಧಾರಣೆಯ ಕಾಲದಲ್ಲಿ ಈ ಕಾರಣಕ್ಕಾಗಿಯೇ ಕೆಲವು ಪ್ರೊಟೆಸ್ಟೆಂಟರು ಹಬ್ಬವನ್ನು ಕೈಬಿಟ್ಟರು. ಜಿನೀವಾ ನಗರ 1550ರಲ್ಲಿ ಭಾನುವಾರವನ್ನು ಬಿಟ್ಟು ಉಳಿದ ಹಬ್ಬಗಳನ್ನೆಲ್ಲ ತೆಗೆದುಹಾಕಿತು. ಲೂಥರನ್ನರು ಬೇರೆ ದಾರಿ ಹಿಡಿದರು. ಸುವಾರ್ತೆಗೆ ವಿರೋಧವಲ್ಲದ, ಸಭೆಯ ಶಾಂತಿಗೂ ಒಳ್ಳೆಯ ಕ್ರಮಕ್ಕೂ ನೆರವಾಗುವ ಪದ್ಧತಿಗಳನ್ನು ಉಳಿಸಿಕೊಳ್ಳಬಹುದು, ಆದರೆ ಅವುಗಳಿಂದ ರಕ್ಷಣೆ ದೊರೆಯುತ್ತದೆ ಎಂದು ಯಾರ ಮನಸ್ಸಿನ ಮೇಲೂ ಭಾರ ಹೇರಬಾರದು ಎಂದು 1530ರ ಔಗ್ಸ್‌ಬರ್ಗ್ ವಿಶ್ವಾಸ ಪ್ರಕಟಣೆ ಹೇಳುತ್ತದೆ. ದಿನವನ್ನು ನಾವು ಆರಿಸಿಕೊಂಡಿದ್ದೇವೆ. ಆ ದಿನ ಕೇಳುವ ಸುದ್ದಿಯನ್ನು ನಾವು ಆರಿಸಿಕೊಂಡದ್ದಲ್ಲ.

ಪ್ರಶ್ನೆ: 24ರ ರಾತ್ರಿ ಬಂದವರು 25ರ ಬೆಳಿಗ್ಗೆಯೂ ಬರಬೇಕೇ? ಎರಡೂ ಒಂದೇ ಅಲ್ಲವೇ?

ಎರಡೂ ಒಂದೇ ಅಲ್ಲ. ಲೂಥರನ್ ಕ್ರಮದಲ್ಲಿ 24ರ ಸಂಜೆ ಅಥವಾ ರಾತ್ರಿ ಲೂಕನ ಸುವಾರ್ತೆಯ ಎರಡನೆಯ ಅಧ್ಯಾಯ ಓದಲ್ಪಡುತ್ತದೆ: ಖಾನೇಷುಮಾರಿ, ಬೆತ್ಲೆಹೇಮ್, ಛತ್ರದಲ್ಲಿ ಸ್ಥಳವಿಲ್ಲದ್ದು, ಗೋದಲಿ, ಕುರುಬರು. 25ರ ಬೆಳಿಗ್ಗೆ ಯೋಹಾನನ ಮೊದಲ ಅಧ್ಯಾಯ, ಅಂದರೆ ವಾಕ್ಯವೆಂಬಾತನು ಶರೀರಧಾರಿಯಾಗಿ ನಮ್ಮ ಮಧ್ಯದಲ್ಲಿ ವಾಸಮಾಡಿದನೆಂಬ ಭಾಗ, ಓದುವ ರೂಢಿಯಿದೆ. ರಾತ್ರಿ ಏನಾಯಿತೆಂದು ಕೇಳುತ್ತೇವೆ, ಬೆಳಿಗ್ಗೆ ಬಂದವನು ಯಾರೆಂದು ಕೇಳುತ್ತೇವೆ. ಒಂದನ್ನು ಬಿಟ್ಟರೆ ಇನ್ನೊಂದು ಅರ್ಧವಾಗುತ್ತದೆ.

ರಾತ್ರಿಯ ಪಾಠದಲ್ಲಿ ನಾನು ಕಾಯುವುದು ಒಂದು ಪದಕ್ಕಾಗಿ. ದೇವದೂತನು ಕುರುಬರಿಗೆ ರಕ್ಷಕನು ಹುಟ್ಟಿದ್ದಾನೆಂದು ಹೇಳುವಾಗ 'ನಿಮಗೋಸ್ಕರ' ಎಂದು ಸೇರಿಸುತ್ತಾನೆ. ಲೂಥರ್ 1521-22ರ ಚಳಿಗಾಲದಲ್ಲಿ ವಾರ್ಟ್‌ಬುರ್ಗ್ ಕೋಟೆಯಲ್ಲಿ ತಲೆಮರೆಸಿಕೊಂಡಿದ್ದಾಗ ಬರೆದ ಕ್ರಿಸ್ಮಸ್ ಪ್ರಸಂಗದಲ್ಲಿ ಈ ಒಂದು ಪದದ ಮೇಲೆ ಬಹಳ ಹೊತ್ತು ನಿಲ್ಲುತ್ತಾನೆ. ಕ್ರಿಸ್ತನು ಹುಟ್ಟಿದನೆಂದು ನಂಬುವುದು ಸಾಲದು, ಆತನು ನಿನಗಾಗಿ ಹುಟ್ಟಿದನೆಂದು ನಂಬಬೇಕು ಎಂಬುದು ಅವನ ವಾದದ ಸಾರ. ನಮ್ಮ ಸಭೆಯಲ್ಲಿ ಆ ಪಾಠವನ್ನು ಒಮ್ಮೆ ಓದಿದ ಹುಡುಗಿ ಆ ಪದದ ಹತ್ತಿರ ತಲೆಯೆತ್ತಿ ಜನರನ್ನು ನೋಡಿ ಓದಿದಳು. ಯಾರೂ ಹೇಳಿಕೊಟ್ಟದ್ದಲ್ಲ. ಹಿಂದಿನ ಬೆಂಚಿನಲ್ಲಿದ್ದ ನನಗೆ ಅಂದಿನ ಪ್ರಸಂಗ ಅಲ್ಲಿಗೇ ಮುಗಿದಿತ್ತು. ಆದುದರಿಂದ ವೇದಪಾಠ ಓದುವವರನ್ನು ಕೊನೆಯ ನಿಮಿಷದಲ್ಲಿ ಕೈಸನ್ನೆ ಮಾಡಿ ಕರೆಯಬೇಡಿ. ಒಂದು ವಾರ ಮುಂಚೆ ತಿಳಿಸಿ, ಮನೆಯಲ್ಲಿ ಗಟ್ಟಿಯಾಗಿ ಓದಿ ಅಭ್ಯಾಸ ಮಾಡಲು ಹೇಳಿ.

ಪ್ರಶ್ನೆ: ಕ್ರಿಸ್ಮಸ್ ಮರವನ್ನು ಮೊದಲು ದೀಪಗಳಿಂದ ಅಲಂಕರಿಸಿದ್ದು ಲೂಥರನೇ?

ಅದಕ್ಕೆ ಆಧಾರವಿಲ್ಲ. ಲೂಥರ್ ಸತ್ತದ್ದು 1546ರಲ್ಲಿ. ಅವನ ಮನೆಯಲ್ಲಿ ದೀಪದ ಮರವಿದ್ದ ಚಿತ್ರಗಳು ಮೂಡಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಸ್ಟ್ರಾಸ್‌ಬುರ್ಗ್ ನಗರದ ಮನೆಗಳಲ್ಲಿ ಮರಕ್ಕೆ ಕಾಗದದ ಗುಲಾಬಿ, ಸೇಬು ಮೊದಲಾದವುಗಳನ್ನು ಕಟ್ಟುತ್ತಿದ್ದರೆಂದು 1605ರ ಒಂದು ಬರಹ ಹೇಳುತ್ತದೆ. ಮರ ಸುಂದರವಾದದ್ದು, ಅದನ್ನು ಇಡಿ. ಆದರೆ ಆ ಕತೆಯನ್ನು ಚರಿತ್ರೆಯೆಂದು ಮಕ್ಕಳಿಗೆ ಕಲಿಸಬೇಡಿ.

ಪ್ರಶ್ನೆ: ದೇವಾಲಯದೊಳಗೆ ಗೋದಲಿ ಕಟ್ಟುವುದು ಕ್ಯಾಥೊಲಿಕರ ಪದ್ಧತಿಯಲ್ಲವೇ? ನಮ್ಮ ಅಜ್ಜಂದಿರು ಕಟ್ಟುತ್ತಿರಲಿಲ್ಲ.

ನಿಮ್ಮ ಅಜ್ಜಂದಿರ ಹಿಂಜರಿಕೆಗೆ ಕಾರಣವಿತ್ತು. ಬಾಸೆಲ್ ನಗರದಲ್ಲಿ 1529ರಲ್ಲಿ ಚರ್ಚುಗಳ ಪ್ರತಿಮೆಗಳನ್ನು ಒಡೆದುಹಾಕಲಾಗಿತ್ತು, ಮತ್ತು ಆ ನಗರದ ಹೆಸರು ಹೊತ್ತ ಮಿಶನ್ನಿನ ದೇವಾಲಯಗಳು ಇಲ್ಲಿಯೂ ಬರಿಗೋಡೆಯನ್ನೇ ಮೆಚ್ಚಿದವು. ಆದರೆ ಲೂಥರನ್ ದಾರಿ ಹಾಗಿರಲಿಲ್ಲ. ವಿಟೆನ್‌ಬರ್ಗಿನಲ್ಲಿ ಪ್ರತಿಮೆಗಳನ್ನು ಬಲಾತ್ಕಾರದಿಂದ ಕೆಡಹುತ್ತಿದ್ದಾರೆಂದು ಕೇಳಿ ಲೂಥರ್ 1522ರ ಮಾರ್ಚಿನಲ್ಲಿ ಕೋಟೆಯಿಂದ ಹಿಂತಿರುಗಿ ಒಂದು ವಾರ ಪ್ರತಿದಿನ ಪ್ರಸಂಗ ಮಾಡಿ ಅದನ್ನು ತಡೆದನು. ಪೂಜೆಗೆ ಬಳಸದ ಚಿತ್ರ ಕಣ್ಣಿಗೆ ಕಲಿಸುವ ಪಾಠ ಎಂಬುದು ಅವನ ನಿಲುವು. ಜರ್ಮನಿಯ ಲೂಥರನ್ ಸಭೆಗಳಲ್ಲಿ ಇಂದು ಗೋದಲಿಯೂ ಇರುತ್ತದೆ, 24ರ ಮಧ್ಯಾಹ್ನ ಮಕ್ಕಳ ಗೋದಲಿ ನಾಟಕವೂ ನಡೆಯುತ್ತದೆ.

ಮಂಗಳೂರಿನಲ್ಲಿ ಕ್ಯಾಥೊಲಿಕ್ ನೆರೆಹೊರೆಯವರ ಅಂಗಳದ ಗೋದಲಿ ನೋಡಿಯೇ ನಮ್ಮ ಮಕ್ಕಳು ಬೆಳೆದರು ಎಂಬುದನ್ನು ಒಪ್ಪಿಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ. ಗೋದಲಿ ಎಂಬ ಪದವೂ ನಮ್ಮೆಲ್ಲರದು: ದನದ ಮೇವಿನ ತೊಟ್ಟಿಗೆ ಕನ್ನಡ ಸತ್ಯವೇದ ಬಳಸುವ ಪದ ಅದೇ. ಹಟ್ಟಿಯ ವಾಸನೆ ತಿಳಿದ ತುಳುನಾಡಿನ ಜನರಿಗೆ ಆ ಪದವನ್ನು ವಿವರಿಸುವ ಅಗತ್ಯವೇ ಇಲ್ಲ.

ಪ್ರಶ್ನೆ: ಸಂಡೇ ಸ್ಕೂಲಿನ ಕಾರ್ಯಕ್ರಮಕ್ಕೆ ಸಾಂತಾ ಬರಬಹುದೇ?

ಬರಲಿ, ಆದರೆ ನಾಟಕದ ನಡುವೆ ಬೇಡ. ಸಾಂತಾ ಕತೆಯ ಮೂಲವಾದ, ನಾಲ್ಕನೆಯ ಶತಮಾನದ ಮೈರಾ ಪಟ್ಟಣದ ಬಿಷಪ್ ನಿಕೋಲಸ್ ಅವರ ನೆನಪು ಡಿಸೆಂಬರ್ 6ಕ್ಕೆ ಸೇರಿದ್ದು. ಆ ದಿನದ ಹತ್ತಿರದ ಭಾನುವಾರ ಮಕ್ಕಳಿಗೆ ಅವರ ಕತೆ ಹೇಳಿ ಮಿಠಾಯಿ ಹಂಚಿದರೆ ಎರಡೂ ಕೆಲಸ ಆಗುತ್ತದೆ.

ಪ್ರಶ್ನೆ: ಬೇರೆ ಧರ್ಮದ ಸ್ನೇಹಿತರನ್ನು ಕ್ರಿಸ್ಮಸ್ ಆರಾಧನೆಗೆ ಕರೆಯಬಹುದೇ? ಕರ್ತನ ಭೋಜನದ ಸಮಯದಲ್ಲಿ ಅವರು ಏನು ಮಾಡಬೇಕು?

ಖಂಡಿತವಾಗಿ ಕರೆಯಬಹುದು, ಮತ್ತು ಕರೆದ ಮೇಲೆ ಅವರ ಪಕ್ಕದಲ್ಲಿಯೇ ಕುಳಿತುಕೊಳ್ಳಿ. ಗೀತೆಯ ಪುಸ್ತಕ ತೆರೆದು ಕೊಡುವುದು, ಯಾವಾಗ ನಿಲ್ಲಬೇಕು, ಯಾವಾಗ ಕುಳಿತುಕೊಳ್ಳಬೇಕು ಎಂದು ಮೆಲ್ಲನೆ ಹೇಳುವುದು, ಇವು ಕರೆದವರ ಕೆಲಸ. ಕರ್ತನ ಭೋಜನ ದೀಕ್ಷಾಸ್ನಾನ ಪಡೆದವರಿಗಾಗಿ ಇರುವುದರಿಂದ ಅತಿಥಿಗಳು ತಮ್ಮ ಸ್ಥಳದಲ್ಲಿ ಕುಳಿತಿರಬಹುದು; ಅದರಲ್ಲಿ ಅವಮಾನವಿಲ್ಲವೆಂಬುದನ್ನು ಮೊದಲೇ ಪ್ರೀತಿಯಿಂದ ತಿಳಿಸಿದರೆ ಆ ಹೊತ್ತಿನ ಮುಜುಗರ ತಪ್ಪುತ್ತದೆ.

ನಮ್ಮವರು ರಜೆಯಲ್ಲಿ ಬೇರೆ ಊರಿಗೆ ಹೋಗಿ ಲೂಥರನ್ ಸಭೆಯಲ್ಲಿ ಭೋಜನಕ್ಕೆ ಸೇರಬಹುದೇ ಎಂದೂ ಕೇಳುತ್ತಾರೆ. ರೊಟ್ಟಿ ಮತ್ತು ದ್ರಾಕ್ಷಾರಸದಲ್ಲಿ ಕ್ರಿಸ್ತನ ಸಾನ್ನಿಧ್ಯ ಹೇಗೆ ಎಂಬ ವಿಷಯದಲ್ಲಿ ಲೂಥರ್ ಮತ್ತು ರಿಫಾರ್ಮ್ಡ್ ಪಂಥದ ಸುಧಾರಕ ಜ್ವಿಂಗ್ಲಿ 1529ರಲ್ಲಿ ಮಾರ್‌ಬುರ್ಗಿನಲ್ಲಿ ಒಮ್ಮತಕ್ಕೆ ಬರಲಾರದೆ ಬೇರೆಯಾದರು. ಆ ಬಿರುಕನ್ನು ಯುರೋಪಿನ ಲೂಥರನ್ ಮತ್ತು ರಿಫಾರ್ಮ್ಡ್ ಸಭೆಗಳು 1973ರಲ್ಲಿ ಒಂದು ಒಡಂಬಡಿಕೆಯಿಂದ ಮುಚ್ಚಿದವು. ಅದು ಆದದ್ದು ಬಾಸೆಲ್ ಸಮೀಪದ ಲೋಯನ್‌ಬೆರ್ಗ್‌ನಲ್ಲಿ ಎಂಬುದು ನಮ್ಮಂಥವರಿಗೆ ವಿಶೇಷ ಸಂತೋಷದ ಸಂಗತಿ. ಆದರೂ ಎಲ್ಲ ಲೂಥರನ್ ಸಭೆಗಳ ನಿಯಮ ಒಂದೇ ಅಲ್ಲ. ಆರಾಧನೆಗೆ ಮುಂಚೆ ಅಲ್ಲಿನ ಸಭಾಪಾಲಕರನ್ನು ಕಂಡು ಕೇಳುವುದು ಸಭ್ಯತೆ.

ಪ್ರಶ್ನೆ: ಈ ವರ್ಷ ನಮ್ಮ ಮನೆಯಲ್ಲಿ ಸಾವಾಗಿದೆ. ನಕ್ಷತ್ರ ಕಟ್ಟಬಹುದೇ? ತಿಂಡಿ ಮಾಡಬಹುದೇ? ಆರಾಧನೆಗೆ ಬಂದರೆ ಜನ ಏನೆನ್ನುತ್ತಾರೆ?

ಪ್ರತಿವರ್ಷ ಯಾರಾದರೊಬ್ಬರು ಈ ಪ್ರಶ್ನೆಯನ್ನು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಸಾವಾದ ಮನೆಯವರು ಒಂದು ವರ್ಷ ಹಬ್ಬ ಮಾಡುವುದಿಲ್ಲವೆಂಬುದು ನಮ್ಮ ಊರಿನ ಹಲವು ಸಮುದಾಯಗಳಲ್ಲಿ ಇರುವ ರೂಢಿ. ಅದು ಸತ್ತವರ ಮೇಲಿನ ಗೌರವದಿಂದ ಬಂದದ್ದು, ಅದನ್ನು ಹೀನಾಯವಾಗಿ ಕಾಣಬಾರದು. ತಿಂಡಿ ಕರಿಯಲು ಕೈ ಬಾರದಿದ್ದರೆ ಕರಿಯಬೇಡಿ. ಆದರೆ ಕ್ರಿಸ್ಮಸ್ ಆರಾಧನೆಯಿಂದ ದೂರವಿರಬೇಕೆಂದು ಯಾವ ಸಭಾಕ್ರಮವೂ ಹೇಳುವುದಿಲ್ಲ.

ಜರ್ಮನಿಯ ಪ್ರೊಟೆಸ್ಟೆಂಟ್ ಸಭೆಗಳಲ್ಲಿ ಆಗಮನ ಕಾಲಕ್ಕೆ ಮುಂಚಿನ ಕೊನೆಯ ಭಾನುವಾರ, ಅಂದರೆ ಸಭೆಯ ವರ್ಷದ ಕೊನೆಯ ಭಾನುವಾರ, ಸತ್ತವರ ಸ್ಮರಣೆಗೆ ಮೀಸಲು. ಪ್ರಶ್ಯದ ಅರಸನು 1816ರಲ್ಲಿ ಈ ದಿನವನ್ನು ಗೊತ್ತುಪಡಿಸಿದನು. ಆ ವರ್ಷ ತೀರಿಹೋದ ಸಭಿಕರ ಹೆಸರುಗಳನ್ನು ಒಂದೊಂದಾಗಿ ಓದುತ್ತಾರೆ, ಹಲವು ಕಡೆ ಒಂದೊಂದು ಹೆಸರಿಗೆ ಒಂದು ಬತ್ತಿ ಹಚ್ಚುತ್ತಾರೆ. ಮುಂದಿನ ಭಾನುವಾರ ಆಗಮನ ಕಾಲದ ಮೊದಲ ಬತ್ತಿ. ಆ ಎರಡು ಭಾನುವಾರಗಳ ನಡುವೆ ಏಳೇ ದಿನ. ದುಃಖವನ್ನು ಹೊರಗಿಟ್ಟು ಹಬ್ಬಕ್ಕೆ ಬನ್ನಿರೆಂದು ಆ ಕ್ರಮ ಹೇಳುವುದಿಲ್ಲ. ಮೊದಲು ಹೆಸರು ಓದುತ್ತದೆ, ಆಮೇಲೆ ದೀಪ ಹಚ್ಚುತ್ತದೆ. ಈ ಕ್ರಮವನ್ನು ನಮ್ಮ ಸಭೆಗಳೂ ಹೆಚ್ಚು ಶ್ರದ್ಧೆಯಿಂದ ನಡೆಸಬೇಕೆಂದು ನನಗೆ ಬಲವಾಗಿ ಅನಿಸುತ್ತದೆ.

ನನ್ನ ತಾಯಿ ತೀರಿಕೊಂಡ ವರ್ಷ ನಾವು ನಕ್ಷತ್ರವನ್ನು ಅಟ್ಟದಿಂದ ಇಳಿಸಿರಲಿಲ್ಲ. 23ರ ಸಂಜೆ ಯುವಜನ ಸಂಘದವರು ಕ್ಯಾರಲ್ ಸುತ್ತಿನಲ್ಲಿ ನಮ್ಮ ಗೇಟಿನ ಹತ್ತಿರ ಬಂದು, ಕತ್ತಲಾಗಿದ್ದ ಮನೆಯನ್ನು ನೋಡಿ, ಮುಂದೆ ಹೋಗಬೇಕೋ ನಿಲ್ಲಬೇಕೋ ಎಂದು ಪಿಸುಗುಟ್ಟುವುದು ಒಳಗೆ ಕೇಳಿಸಿತು. ಕೊನೆಗೆ ಅವರು ಡೋಲು ಬಾರಿಸದೆ, ಗಿಟಾರನ್ನೂ ಬದಿಗಿಟ್ಟು, ಅಮ್ಮ ಅಡುಗೆಮನೆಯಲ್ಲಿ ಗುನುಗುತ್ತಿದ್ದ ಒಂದು ಹಳೆಯ ತುಳು ಗೀತೆಯನ್ನು ಮೆಲ್ಲಗೆ ಹಾಡಿದರು. ಅಪ್ಪ ಎದ್ದು ಹೋಗಿ ಹೊರಗಿನ ದೀಪ ಹಾಕಿದರು. ಮರುದಿನ ನಕ್ಷತ್ರ ಕಟ್ಟಿದ್ದೂ ಅವರೇ.

ಆದುದರಿಂದ ಕ್ಯಾರಲ್ ತಂಡದವರಿಗೆ ನನ್ನ ವಿನಂತಿ: ಸಾವಾದ ಮನೆಯನ್ನು ದಾಟಿ ಹೋಗಬೇಡಿ. ಹಿಂದಿನ ದಿನ ಒಬ್ಬರು ಹೋಗಿ, 'ನಾವು ಬರಬಹುದಾ ಅಕ್ಕ, ಒಂದೇ ಹಾಡು ಹಾಡಿ ಪ್ರಾರ್ಥನೆ ಮಾಡಿ ಹೋಗ್ತೇವೆ' ಎಂದು ಕೇಳಿ. ಬೇಡವೆಂದರೆ ಒತ್ತಾಯಿಸಬೇಡಿ, ಮುಂದಿನ ವರ್ಷ ಮತ್ತೆ ಕೇಳಿ.

ಪ್ರಶ್ನೆ: ಈ ಕಾಲದಲ್ಲಿ ಸಭಾಪಾಲಕರಿಗೆ ಇಷ್ಟೊಂದು ಕೆಲಸವೇಕೆ? ನಾವು ಹೇಗೆ ನೆರವಾಗಬಹುದು?

ಆಗಮನ ಕಾಲದ ನಾಲ್ಕು ಪ್ರಸಂಗಗಳು, 24ರ ರಾತ್ರಿ, 25ರ ಬೆಳಿಗ್ಗೆ, ವರ್ಷದ ಕೊನೆಯ ರಾತ್ರಿಯ ಆರಾಧನೆ, ಹೊಸ ವರ್ಷದ ಆರಾಧನೆ, ಇವುಗಳ ನಡುವೆ ಸಂಡೇ ಸ್ಕೂಲು, ಮಹಿಳಾ ಸಂಘ, ಯುವಜನ ಸಂಘಗಳ ಕಾರ್ಯಕ್ರಮಗಳು. ಎದ್ದು ಬರಲಾರದ ವೃದ್ಧರ ಮನೆಗಳಿಗೆ ಕರ್ತನ ಭೋಜನವನ್ನು ಕೊಂಡೊಯ್ಯುವ ಕೆಲಸ ಬೇರೆ. ಆಸ್ಪತ್ರೆಗಳ ಭೇಟಿಯೂ ಇದೆ. ಮಣಿಪಾಲದ ವಾರ್ಡುಗಳಲ್ಲಾಗಲೀ, 1923ರಲ್ಲಿ ಸ್ವಿಸ್ ವೈದ್ಯೆ ಇವಾ ಲೊಂಬಾರ್ಡ್ ಅವರು ಆರಂಭಿಸಿದ ಉಡುಪಿಯ ಮಿಶನ್ ಆಸ್ಪತ್ರೆಯಲ್ಲಾಗಲೀ, ಹಬ್ಬದ ದಿನ ಹಾಸಿಗೆಯಲ್ಲಿರುವವರು ಇರುತ್ತಾರೆ. ಅಯ್ಯನವರು ಊಟಕ್ಕೆ ನಮ್ಮ ಮನೆಗೆ ಬರಲಿಲ್ಲವೆಂದು ಬೇಸರಿಸುವ ಮುಂಚೆ ಅವರು ಆ ಹೊತ್ತು ಎಲ್ಲಿದ್ದರೆಂದು ವಿಚಾರಿಸಿ. ಅವರಿಗೂ ಮನೆಯಿದೆ, ಮಕ್ಕಳಿದ್ದಾರೆ.

ನೆರವಾಗಲು ದೊಡ್ಡ ಸಿದ್ಧತೆ ಬೇಕಿಲ್ಲ. ವೃದ್ಧರೊಬ್ಬರನ್ನು ನಿಮ್ಮ ಕಾರಿನಲ್ಲಿಯೋ ರಿಕ್ಷಾದಲ್ಲಿಯೋ ಕರೆತಂದು ಮರಳಿ ಮನೆ ಸೇರಿಸುವ ಹೊಣೆ ಹೊರಿ. ಮನೆಭೇಟಿಯಲ್ಲಿ ಸಭಾಪಾಲಕರೊಡನೆ ಹೋಗಿ ಗೀತೆ ಹಾಡಿ. ಕಾಣಿಕೆಯ ವಿಷಯಕ್ಕೆ ಬಂದರೆ, ಜರ್ಮನಿಯ ಪ್ರೊಟೆಸ್ಟೆಂಟ್ ಸಭೆಗಳು ಹಸಿದವರಿಗಾಗಿ 1959ರಲ್ಲಿ ಒಂದು ಅಭಿಯಾನ ಆರಂಭಿಸಿ, ಇಂದಿಗೂ ಕ್ರಿಸ್ಮಸ್ ಮುನ್ನಾದಿನದ ಕಾಣಿಕೆಯನ್ನು ಅದಕ್ಕೆ ಕೊಡುತ್ತಿವೆ. ಆ ರಾತ್ರಿಯ ಕಾಣಿಕೆ ಧ್ವನಿವರ್ಧಕಕ್ಕೂ ಬಣ್ಣಕ್ಕೂ ಹೋಗದೆ ಹೊರಗಿನವರಿಗೆ ಹೋಗಬೇಕೆಂದು ನಮ್ಮ ಹಿರಿಯರ ಸಮಿತಿಗಳೂ ನಿರ್ಧರಿಸಬಹುದು.

ಬೆತ್ಲೆಹೇಮಿನಲ್ಲಿ ನಾನಿದ್ದಿದ್ದರೆ ಆ ಕೂಸಿನ ಬಟ್ಟೆ ಒಗೆದುಕೊಡುತ್ತಿದ್ದೆ ಎಂದು ಹೇಳುವವರಿಗೆ ಲೂಥರ್ ತನ್ನ ಒಂದು ಪ್ರಸಂಗದಲ್ಲಿ ಉತ್ತರಿಸುತ್ತಾನೆ: ಕ್ರಿಸ್ತನು ಈಗಲೂ ನಿನ್ನ ನೆರೆಯವನಲ್ಲಿ ಇದ್ದಾನಲ್ಲ, ಈಗೇಕೆ ಮಾಡುತ್ತಿಲ್ಲ ಎಂದು.

ಪ್ರಶ್ನೆ: ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ಹಂಚುವುದು ನಮ್ಮ ಪದ್ಧತಿಯೋ ಕ್ಯಾಥೊಲಿಕರದೋ?

ಹೆಸರು ಕೊಂಕಣಿ ಕ್ಯಾಥೊಲಿಕ್ ಮನೆಗಳದು, ಆದರೆ ನೇವ್ರಿ, ಕಿಡ್ಯೊ, ಚಕ್ಕುಲಿ, ಗುಲಾಬಿ ಹೂವಿನಚ್ಚಿನ ಕುಕ್ಕೀಸು, ಅಕ್ಕಿ ಉಂಡೆ ಇವು ಕರಾವಳಿಯ ಎಲ್ಲ ಕ್ರೈಸ್ತ ಅಡುಗೆಮನೆಗಳಲ್ಲೂ ಆಗುತ್ತವೆ. ತಟ್ಟೆಯ ಮೇಲೆ ಬಟ್ಟೆ ಮುಚ್ಚಿ ಮೊದಲು ಹಬ್ಬವಿಲ್ಲದ ಮನೆಗೆ ಕಳುಹಿಸಿ, ಆಮೇಲೆ ನೆಂಟರಿಗೆ.

ಪ್ರಶ್ನೆ: ನಕ್ಷತ್ರವನ್ನು ಯಾವಾಗ ಇಳಿಸಬೇಕು?

ಜನವರಿ 6ಕ್ಕೆ ಮುಂಚೆ ಬೇಡ. ಮೂಡಣದ ಜ್ಞಾನಿಗಳು ನಕ್ಷತ್ರ ನೋಡಿ ಬಂದದ್ದನ್ನು ನೆನೆಯುವ ಪ್ರತ್ಯಕ್ಷತೆಯ ಹಬ್ಬ ಅಂದು. ಡಿಸೆಂಬರ್ 26 ಸ್ತೆಫನನ ದಿನ, 27 ಯೋಹಾನನ ದಿನ, 28 ಹೆರೋದನು ಕೊಲ್ಲಿಸಿದ ಕೂಸುಗಳ ನೆನಪಿನ ದಿನ. ಇವೆಲ್ಲವೂ ಲೂಥರನ್ ಪಂಚಾಂಗದಲ್ಲಿ ಕ್ರಿಸ್ಮಸ್ಸಿನ ಒಳಗೇ ಇವೆ. ಸ್ವೀಡನ್ನಿನ ಲೂಥರನ್ನರು ಜನವರಿ 13ರವರೆಗೂ ಮರವನ್ನು ಉಳಿಸಿಕೊಳ್ಳುವುದುಂಟು. ವಿದ್ಯುತ್ ಉಳಿಸಬೇಕೆಂದರೆ ರಾತ್ರಿ ಹತ್ತಕ್ಕೆ ದೀಪ ಆರಿಸಿ, ಆದರೆ ನಕ್ಷತ್ರ ಅಲ್ಲಿಯೇ ಇರಲಿ. ಇಳಿಸುವ ಸಂಜೆ ಮಕ್ಕಳನ್ನು ಕೂರಿಸಿ ಮತ್ತಾಯನ ಎರಡನೆಯ ಅಧ್ಯಾಯವನ್ನು ಅವರಿಂದಲೇ ಓದಿಸಿ. ಆಮೇಲೆ ಕಾಗದವನ್ನು ಮಡಿಕೆಯ ಗುರುತಿನಲ್ಲಿಯೇ ಮಡಚಿ, ಬಲ್ಬನ್ನು ಬೇರೆ ಸುತ್ತಿ, ಮಳೆಗಾಲದ ತೇವ ತಾಗದಂತೆ ಅಟ್ಟಕ್ಕೆ ಏರಿಸಿ.